ಶಾಶ್ವತ ವಿವಾಹಕ್ಕೆ ಅಧಿಕಾರಿಗಳಾರು?



ಕೋಲಾರ ಸೀಮೆಯ ವಕ್ಕಲೇರಿಯ ಕಡೆಗೆ ನೀವು ಹೋಗಿದ್ದರೆ ಅಲ್ಲಿನ ಮಾರ್ಕಂಡೇಶ್ವರನ ಬೆಟ್ಟವನ್ನು ಕಂಡೇ ಇರುತ್ತೀರಿ. ಆ ಹೆಸರಿನ ಹಿಂದಿರುವ ಪುರಾಣಕಥೆ ನಮಗೆಲ್ಲ ಬಾಲ್ಯದಿಂದಲೇ ಪರಿಚಿತವಾದುದು. ಹದಿನಾರು ವರ್ಷಗಳ ಆಯುಷ್ಯವನ್ನಷ್ಟೇ ಪಡೆದು ಬಂದಿದ್ದ ಬಾಲಕ ಮಾರ್ಕಂಡೇಯನು, ಯಮನು ಪಾಶವನ್ನು ಬೀಸುತ್ತ ಬಂದಾಗ, ಶಿವಲಿಂಗವನ್ನು ಬಿಗಿಯಾಗಿ ಅಪ್ಪಿಕೊಂಡನು. ಪಾಶವು ಬಾಲಕನೊಡನೆ ಲಿಂಗಕ್ಕೂ ಸುತ್ತಿಕೊಂಡಿತು. ಶಿವನು ಪ್ರತ್ಯಕ್ಷನಾಗಿ ಕಾಲನನ್ನೇ ತಡೆದನು. ತಂದೆ ಮಕ್ಕಳು, ಗಂಡ ಹೆಂಡತಿ, ಅರಸು ಪ್ರಜೆ ಎಂಬ ಎಲ್ಲ ಸಂಬಂಧಗಳನ್ನೂ ಕಡಿಯಬಲ್ಲ ಮೃತ್ಯುವು ಕಡಿಯಲಾರದ ಸಂಬಂಧವೊಂದಿದೆ ಎಂಬುದೇ ಆ ಕಥೆಯ ತಾತ್ಪರ್ಯ.

ಆ ಬೆಟ್ಟದ ಆಸುಪಾಸಿನ ಹಳ್ಳಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ವಿವಾಹವೊಂದಕ್ಕೆ ಈ ಲೇಖಕನು ಹೋಗಿದ್ದನು. ಎರಡೂ ಕಡೆಯವರು ಲಿಂಗವಂತರು, ಸಜ್ಜನರು, ಬಡವರೂ ಅಲ್ಲ, ಸಿರಿವಂತರೂ ಅಲ್ಲ. ಮುಹೂರ್ತಕ್ಕೆ ಇನ್ನೊಂದು ಗಳಿಗೆ ಇರುವಾಗ ಚಪ್ಪರದ ಕೆಳಗೆ ವಿವಾದವೊಂದು ಎದ್ದಿತು. ಪಂಚಕಳಶಗಳನ್ನು ಸ್ಥಾಪಿಸಿ ತಮ್ಮ ಮನೆತನದ ಅಯ್ಯನವರೇ ವಿಧಿಯನ್ನು ನಡೆಸಬೇಕೆಂದು ವರನ ಕಡೆಯ ಹಿರಿಯರು ಪಟ್ಟು ಹಿಡಿದರು. ಕಳಶದ ಗೊಡವೆ ಬೇಡ, ವಚನಗಳನ್ನು ಪಠಿಸಿ ವಿರಕ್ತ ಸ್ವಾಮಿಗಳ ಸನ್ನಿಧಿಯಲ್ಲಿ ಪ್ರತಿಜ್ಞೆ ಮಾಡಿಸಿದರೆ ಸಾಕೆಂದು ವಧುವಿನ ಸೋದರಮಾವನು ವಾದಿಸಿದನು. 'ನಿಮ್ಮವರು ಕಟ್ಟಿಸಿದ ತಾಳಿ ತಾಳಿಯೇ ಅಲ್ಲ' ಎಂಬಲ್ಲಿಯವರೆಗೆ ಮಾತು ಬೆಳೆಯಿತು. ಕೊನೆಗೆ ವೃದ್ಧರೊಬ್ಬರು ಮಧ್ಯೆ ಬಂದು, ಕಳಶವೂ ಇರಲಿ ವಚನವೂ ಇರಲಿ ಎಂದು ಸಮಾಧಾನಪಡಿಸಿದರು. ವಿವಾಹವೇನೋ ನಿರ್ವಿಘ್ನವಾಗಿ ನೆರವೇರಿತು.

ಆದರೆ ಆ ಗದ್ದಲದ ನಡುವೆ ಯಾರೂ ವಿವಾದಕ್ಕೆ ಎತ್ತಿಕೊಳ್ಳದ ಸಂಗತಿಯೊಂದಿತ್ತು. ವಧುವಿನ ತಂದೆ ಮೊದಲೇ ಲಿಂಗೈಕ್ಯರಾಗಿದ್ದರು. ಧಾರೆಯೆರೆಯಲು ಸೋದರಮಾವ ಮತ್ತು ಅವನ ಪತ್ನಿ ನಿಂತರು. ಹೆತ್ತು ಹೊತ್ತು ಸಾಕಿದ ತಾಯಿ ಅಡಿಗೆಯ ಕೋಣೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಬರಬೇಡವೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ಅವಳ ಬಲಗೈ ತನ್ನ ಕೊರಳಿನ ಕಡೆಗೆ ಹೋಯಿತು. ತಾಳಿ ಇಲ್ಲದ ಆ ಕೊರಳಿನಲ್ಲಿ ಶಿವದಾರವಿತ್ತು, ಶಿವದಾರದಲ್ಲಿ ಲಿಂಗದ ಕರಡಿಗೆ ಇತ್ತು. ಅದನ್ನು ಹಿಡಿದುಕೊಂಡು ಅವಳು ಕಣ್ಣು ಮುಚ್ಚಿದಳು.

ವಾಚಕರೇ, ಈ ಎರಡು ಸಂಗತಿಗಳನ್ನು ನೀವೂ ನಿಮ್ಮ ನಿಮ್ಮ ಊರುಗಳಲ್ಲಿ ಕಂಡಿರಬಹುದು. ವಿವಾಹವಿಧಿಗೆ ಅಧಿಕಾರಿ ಯಾರೆಂದು ನಾವು ಗಟ್ಟಿಯಾಗಿ ಕೇಳುತ್ತೇವೆ. ವಿವಾಹಬಂಧನವು ಮರಣದಾಚೆಗೂ ಉಂಟೇ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳದೆಯೇ, ಉಂಟೆಂದು ನಿರ್ಣಯಿಸಿ, ಆ ತಾಯಿಯನ್ನು ಬಾಗಿಲ ಮರೆಗೆ ನಿಲ್ಲಿಸುತ್ತೇವೆ. ಈ ಎರಡು ಪ್ರಶ್ನೆಗಳಿಗಿರುವ ಸಂಬಂಧವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬೀಗದ ಕೈಯೊಂದರ ಚರಿತ್ರೆ

ಈ ಎರಡು ಪ್ರಶ್ನೆಗಳು ಒಂದಾಗಿ ಹೆಣೆದುಕೊಂಡಾಗ ಏನಾಗುತ್ತದೆಂಬುದಕ್ಕೆ ಅಮೆರಿಕಾ ದೇಶದ ಮಾರ್ಮನ್ ಪಂಥದ ಆರಂಭಕಾಲದ ಚರಿತ್ರೆಯಲ್ಲಿ ನಿದರ್ಶನವಿದೆ. ಪರಧರ್ಮನಿಂದೆ ಶರಣಮಾರ್ಗವಲ್ಲವಾದುದರಿಂದ, ಅದನ್ನು ನಿಂದಿಸುವುದಕ್ಕಲ್ಲ, ನಮ್ಮ ಮುಖವನ್ನು ನಾವೇ ನೋಡಿಕೊಳ್ಳುವ ಕನ್ನಡಿಯಾಗಿ ಇಲ್ಲಿ ತರಲಾಗಿದೆ.

ಜೋಸೆಫ್ ಸ್ಮಿತ್ ಎಂಬವನು 1830ರಲ್ಲಿ ಈ ಪಂಥವನ್ನು ಸ್ಥಾಪಿಸಿದನು. ಕ್ರೈಸ್ತರಲ್ಲಿ ರೂಢಿಯಾಗಿದ್ದ ನಂಬಿಕೆಯಂತೆ ವಿವಾಹವು ಮರಣದವರೆಗಿನ ಒಡಂಬಡಿಕೆ. ಏಳು ಜನ ಸೋದರರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾಗಿ ವಿಧವೆಯಾದ ಸ್ತ್ರೀಯು ಪುನರುತ್ಥಾನದಲ್ಲಿ ಯಾರ ಪತ್ನಿಯೆಂದು ಕೆಲವರು ಏಸುವನ್ನು ಕೇಳಿದಾಗ, ಆ ಸ್ಥಿತಿಯಲ್ಲಿ ಮದುವೆಯೆಂಬುದೇ ಇಲ್ಲವೆಂದು ಅವನು ಉತ್ತರಿಸಿದನೆಂದು ಅವರ ಧರ್ಮಗ್ರಂಥವು ತಿಳಿಸುತ್ತದೆ. ಸ್ಮಿತ್ ಇದಕ್ಕಿಂತ ಭಿನ್ನವಾದ ಮಾತನ್ನು ಹೇಳಿದನು. ಮಿಸಿಸಿಪ್ಪಿ ನದಿಯ ದಂಡೆಯ ನೌವೂ ಎಂಬ ಪಟ್ಟಣದಲ್ಲಿ 1843ರ ಜುಲೈ 12ರಂದು ಅವನು ಬರೆಯಿಸಿದ ದಿವ್ಯಾದೇಶದ ಸಾರವಿಷ್ಟು: ಲೌಕಿಕ ರೀತಿಯಲ್ಲಿ ಆದ ವಿವಾಹಗಳು ಸಾವಿನೊಡನೆ ಮುಗಿಯುತ್ತವೆ. ಅಧಿಕಾರವುಳ್ಳವನು ಮುದ್ರೆಯೊತ್ತಿದ ವಿವಾಹ ಮಾತ್ರ ಅನಂತಕಾಲ ಉಳಿಯುತ್ತದೆ. ಆ ಅಧಿಕಾರದ ಬೀಗದ ಕೈಯನ್ನು ಭೂಮಿಯ ಮೇಲೆ ಒಂದು ಕಾಲದಲ್ಲಿ ಒಬ್ಬನೇ ಹೊಂದಿರುತ್ತಾನೆ. ಒಬ್ಬ ಪುರುಷನಿಗೆ ಅನೇಕ ಪತ್ನಿಯರು ಇರಬಹುದೆಂಬ ವಿಧಿಯೂ ಅದೇ ಆದೇಶದೊಳಗೆ ಸೇರಿತ್ತು.

ಇದನ್ನು ಬರೆಯಿಸಿ ವರ್ಷ ತುಂಬುವ ಮೊದಲೇ, 1844ರ ಜೂನ್ 27ರಂದು, ಕಾರ್ತೇಜ್ ಎಂಬ ಊರಿನ ಸೆರೆಮನೆಯಲ್ಲಿ ಸ್ಮಿತ್ ಮತ್ತು ಅವನ ಅಣ್ಣ ಹೈರಮ್ ಇಬ್ಬರೂ ಗುಂಪೊಂದರ ಕೈಯಲ್ಲಿ ಹತರಾದರು. ಬೀಗದ ಕೈ ಈಗ ಯಾರಲ್ಲಿ? ಸಿಡ್ನಿ ರಿಗ್ಡನ್ ತಾನೇ ಪಾಲಕನೆಂದನು. ಜೇಮ್ಸ್ ಸ್ಟ್ರಾಂಗ್ ತನಗೆ ನೇಮಕಪತ್ರವಿದೆಯೆಂದನು. ಬ್ರಿಗಮ್ ಯಂಗ್ ತನ್ನನ್ನೊಳಗೊಂಡ ಹನ್ನೆರಡು ಜನರ ಮಂಡಲಿಗೇ ಆ ಅಧಿಕಾರ ಬಂದಿದೆಯೆಂದನು. ಆಗಸ್ಟ್ 8ರ ಸಭೆಯಲ್ಲಿ ಬಹುಮತವು ಯಂಗನ ಮಂಡಲಿಯ ಕಡೆಗೆ ಹೋಯಿತು. ಊರನ್ನೇ ಬಿಟ್ಟು ಪಶ್ಚಿಮಕ್ಕೆ ಹೊರಡಬೇಕಾಗಿ ಬಂದಾಗ, 1845–46ರ ಚಳಿಗಾಲದಲ್ಲಿ, ಇನ್ನೂ ಪೂರ್ಣವಾಗದ ದೇವಾಲಯದಲ್ಲಿ ಹಗಲಿರುಳು ವಿಧಿಗಳು ನಡೆದವು. ಸಾವಿರಾರು ಜನ ಅದಕ್ಕಾಗಿ ಬಂದರು. ಬೀಗದ ಕೈಯುಳ್ಳವನು ಇರುವಾಗಲೇ ತಮ್ಮ ಸಂಸಾರವನ್ನು ಅನಂತಕ್ಕೆ ಭದ್ರಪಡಿಸಿಕೊಳ್ಳಬೇಕೆಂಬ ಆತುರ ಆ ಸರಳ ಜನರದು. ಆ ಆತುರವನ್ನು ನೋಡಿ ನಗುವವನಿಗೆ ಮನುಷ್ಯ ಹೃದಯದ ಪರಿಚಯವಿಲ್ಲವೆಂದೇ ಹೇಳಬೇಕು.

ಆದರೆ ಇದರ ಭಾರವು ಬಿದ್ದದ್ದು ಯಾರ ಮೇಲೆ? ಸ್ಮಿತ್‌ನ ಮರಣಾನಂತರ ಅವನ ಪತ್ನಿಯರಲ್ಲಿ ಹಲವರು ಬ್ರಿಗಮ್ ಯಂಗ್ ಮತ್ತು ಹೀಬರ್ ಕಿಂಬಲ್ ಎಂಬವರನ್ನು ವಿವಾಹವಾದರು. ಆ ವಿವಾಹ ಇಹಕ್ಕೆ ಮಾತ್ರ. ಪರದಲ್ಲಿ ಅವರು ಸ್ಮಿತ್‌ನ ಪತ್ನಿಯರೇ. ಎರಡನೆಯ ಗಂಡನಿಗೆ ಹುಟ್ಟಿದ ಮಕ್ಕಳು ಕೂಡ ಅನಂತದ ಲೆಕ್ಕದಲ್ಲಿ ಮೃತನಾದ ಮೊದಲನೆಯವನ ಮಕ್ಕಳೆಂದೇ ಪರಿಗಣಿತರಾದರು. ಮೊದಲ ಪತ್ನಿ ಎಮ್ಮಾ ಮಾತ್ರ ಯಂಗನೊಡನೆ ಹೋಗದೆ ನೌವೂವಿನಲ್ಲಿಯೇ ಉಳಿದು, 1847ರಲ್ಲಿ ಪಂಥದ ಹೊರಗಿನವನೊಬ್ಬನನ್ನು ಮದುವೆಯಾದಳು. ಅವಳ ಮಗನು 1860ರಲ್ಲಿ ಬೇರೊಂದು ಶಾಖೆಯ ಮುಖ್ಯಸ್ಥನಾಗಿ ಬಹುಪತ್ನೀತ್ವವನ್ನು ನಿರಾಕರಿಸಿದನು. ಯಂಗನ ಕಡೆಯವರು 1852ರಲ್ಲಿ ಅದನ್ನು ಬಹಿರಂಗವಾಗಿ ಸಾರಿದರು. ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು 1879ರಲ್ಲಿ ಬಹುಪತ್ನೀತ್ವಕ್ಕೆ ಧರ್ಮದ ಹೆಸರಿನ ರಕ್ಷಣೆಯಿಲ್ಲವೆಂದು ತೀರ್ಪಿತ್ತ ಮೇಲೆ, 1890ರಲ್ಲಿ ಅವರ ಅಂದಿನ ಅಧ್ಯಕ್ಷನಾದ ವಿಲ್ಫರ್ಡ್ ವುಡ್ರಫ್ ಅದನ್ನು ನಿಲ್ಲಿಸುವ ಪ್ರಕಟಣೆ ಹೊರಡಿಸಿದನು. ವಿವಾಹಕ್ಕೆ ಅನಂತದ ಮುದ್ರೆಯೊತ್ತುವ ವಿಧಿಯಾದರೋ ಇಂದಿಗೂ ಅವರ ದೇವಾಲಯಗಳಲ್ಲಿ ನಡೆಯುತ್ತಲೇ ಇದೆ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದು ಒಂದೇ. ಗಂಡಹೆಂಡಿರ ಸಂಬಂಧವೇ ಶಾಶ್ವತವೆಂದು ಒಪ್ಪಿದೊಡನೆ, ಅದನ್ನು ಶಾಶ್ವತಗೊಳಿಸುವವನ ಕೈಗೆ ಜನರ ಇಹಪರಗಳೆರಡೂ ಹೋಗುತ್ತವೆ. ಉಳಿದವರು ಬದುಕಿರುವಾಗಲೂ ಮೃತರ ಸೊತ್ತಾಗುತ್ತಾರೆ. ಅವರಲ್ಲಿಯೂ ಹೆಚ್ಚಾಗಿ ಸ್ತ್ರೀಯರೇ ಆಗುತ್ತಾರೆ.

ನಮ್ಮಲ್ಲಿ ಶಾಶ್ವತ ವಿವಾಹ ಯಾವುದು?

ಹಾಗಾದರೆ ಶರಣಧರ್ಮದಲ್ಲಿ ಶಾಶ್ವತ ವಿವಾಹವೆಂಬುದು ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಧರ್ಮದ ತಳಹದಿಯಲ್ಲಿಯೇ ಇದೆ. ಶರಣನೇ ಸತಿ, ಲಿಂಗವೇ ಪತಿ ಎಂಬ ಭಾವ ನಮ್ಮ ಸಾಧನಾಮಾರ್ಗದ ಜೀವಾಳ. ಇಲ್ಲಿ ಸ್ತ್ರೀಪುರುಷ ಭೇದವಿಲ್ಲ. ಬಸವಣ್ಣನೂ ಸತಿಯೇ, ಅಲ್ಲಮನೂ ಸತಿಯೇ, ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳೂ ಸತಿಯೇ. ಈ ವಿವಾಹಕ್ಕೆ ದೀಕ್ಷೆಯೇ ಧಾರೆ. ವೇಧಾದೀಕ್ಷೆ, ಮಂತ್ರದೀಕ್ಷೆ, ಕ್ರಿಯಾದೀಕ್ಷೆಗಳೆಂಬ ಮೂರರಿಂದ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಸಂಬಂಧವನ್ನು ಗುರುವು ಮಾಡಿಸುತ್ತಾನೆ. ಅಂದಿನಿಂದ ಇಷ್ಟಲಿಂಗವು ದೇಹವನ್ನು ಅಗಲುವಂತಿಲ್ಲ. ದೇಹ ಬಿದ್ದಾಗಲೂ ಅದು ಸಮಾಧಿಯೊಳಗೆ ಜೊತೆಗೇ ಹೋಗುತ್ತದೆ.

ಈ ವಿವಾಹಕ್ಕೆ ಅಧಿಕಾರಿ ಗುರುವೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅವನ ಅಧಿಕಾರದ ಸ್ವರೂಪವನ್ನು ಗಮನಿಸಿ. ಅವನು ಕೊಡುತ್ತಾನೆ, ಕೊಟ್ಟ ಮೇಲೆ ಬೀಗದ ಕೈಯನ್ನು ತನ್ನ ಸೊಂಟದಲ್ಲಿ ಇಟ್ಟುಕೊಳ್ಳುವುದಿಲ್ಲ. ಲಿಂಗವು ಶಿಷ್ಯನ ಅಂಗೈಗೆ ಬಂದ ಮೇಲೆ ಅವನ ಪೂಜೆಗೆ ನಡುವೆ ಪೂಜಾರಿಯಿಲ್ಲ, ಗುಡಿಯಿಲ್ಲ, ಹೊತ್ತುಗೊತ್ತಿಲ್ಲ. ಗುರು ಲಿಂಗೈಕ್ಯನಾದರೂ ಅವನು ಮಾಡಿಸಿದ ಸಂಬಂಧ ಮುರಿಯುವುದಿಲ್ಲ, ಉತ್ತರಾಧಿಕಾರಿ ಯಾರೆಂಬ ವ್ಯಾಜ್ಯವು ಎಷ್ಟು ವರ್ಷ ನಡೆದರೂ ಶಿಷ್ಯನ ಅಂಗೈಯ ಲಿಂಗಕ್ಕೆ ಕುಂದು ತಗಲುವುದಿಲ್ಲ. ಅಕ್ಕಮಹಾದೇವಿಯೂ ತನ್ನ ವಚನದಲ್ಲಿ ಗುರುವಿಗೆ ಕೊಟ್ಟಿರುವ ಸ್ಥಾನ ಮದುವೆಯನ್ನು ಮುಂದೆ ನಿಂತು ನಡೆಸಿಕೊಡುವ ಬಂಧುವಿನದು. ಮದುವೆ ಮಾಡಿಸಿದ ಬಂಧು ಮರುದಿನ ಊಟ ಮುಗಿಸಿ ತನ್ನ ಊರಿಗೆ ಹೋಗುತ್ತಾನೆ, ದಂಪತಿಗಳ ಮನೆಯ ಯಜಮಾನನಾಗಿ ಕೂರುವುದಿಲ್ಲ.

ಅಕ್ಕನ ಚರಿತ್ರೆಯೇ ಇದಕ್ಕೆ ದೊಡ್ಡ ಸಾಕ್ಷಿ. ಕೌಶಿಕನೊಡನೆ ಅವಳ ಲೌಕಿಕ ವಿವಾಹವು ನಡೆಯಿತೇ ಇಲ್ಲವೇ ಎಂಬುದರಲ್ಲಿ ಕವಿಗಳಿಗೆ ಏಕಾಭಿಪ್ರಾಯವಿಲ್ಲ. ಹರಿಹರನ ರಗಳೆಯಲ್ಲಿ ವಿವಾಹವಾಗಿ, ಒಪ್ಪಿದ ನಿಬಂಧನೆಗಳನ್ನು ಅರಸನು ಮೀರಿದಾಗ ಅವಳು ಹೊರಟುಹೋಗುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ವಿವಾಹವೇ ಆಗುವುದಿಲ್ಲ. ಆದರೆ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂಬ ಅವಳ ನಿಶ್ಚಯದ ವಿಷಯದಲ್ಲಿ ಇಬ್ಬರಲ್ಲಿಯೂ ಭೇದವಿಲ್ಲ. ಕಲ್ಯಾಣಕ್ಕೆ ಬಂದ ಅವಳನ್ನು ಅನುಭವಮಂಟಪದಲ್ಲಿ ಅಲ್ಲಮಪ್ರಭುವು ನಿನ್ನ ಪತಿ ಯಾರೆಂದು ನಿಷ್ಠುರವಾಗಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ನೀವು ಓದಿರುತ್ತೀರಿ. ಅಲ್ಲಿ ಶೂನ್ಯಪೀಠದ ಒಡೆಯನು ಅವಳ ಆ ವಿವಾಹಕ್ಕೆ ಅನುಮತಿಯನ್ನು ಕೊಡಲಿಲ್ಲ, ಮುದ್ರೆಯನ್ನೂ ಒತ್ತಲಿಲ್ಲ. ಪರೀಕ್ಷಿಸಿದನು, ನಿಜವೆಂದು ಕಂಡನು, ಕಂಡದ್ದನ್ನು ಶರಣರ ಮುಂದೆ ಒಪ್ಪಿಕೊಂಡನು. ನಡೆದಿರುವುದನ್ನು ಗುರುತಿಸಿ ಗೌರವಿಸುವುದೇ ಹಿರಿಯರ ಅಧಿಕಾರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲೌಕಿಕ ವಿವಾಹಕ್ಕೆ ಅಧಿಕಾರಿ ಯಾರು?

ಇನ್ನು ಚಪ್ಪರದ ಕೆಳಗಿನ ವಿವಾಹದ ಮಾತಿಗೆ ಬರೋಣ. ಪಂಚಕಳಶಗಳನ್ನು ಸ್ಥಾಪಿಸಿ ಪಂಚಾಚಾರ್ಯರನ್ನು ಸ್ಮರಿಸುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿ ತಲೆತಲಾಂತರದಿಂದ ಬಂದಿದೆ. ವಚನಗಳ ಮೂಲಕ ವಿವಾಹವನ್ನು ನಡೆಸುವ ಪದ್ಧತಿಯನ್ನು ಅನೇಕರು ಶ್ರದ್ಧೆಯಿಂದ ಬೆಳೆಸಿದ್ದಾರೆ. ಎರಡೂ ಗೌರವಾರ್ಹವೇ. ಆದರೆ ಇವುಗಳಲ್ಲಿ ಒಂದು ಮಾತ್ರವೇ ವಿವಾಹ, ಇನ್ನೊಂದು ಅಲ್ಲ ಎಂಬ ಮಾತಿಗೆ ಆಧಾರವೇನು?

ದೇಶದ ಕಾನೂನನ್ನು ನೋಡಿ. 1955ರ ಹಿಂದೂ ವಿವಾಹ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಎರಡು ಹೆಸರುಗಳನ್ನೂ ಎತ್ತಿ ಹೇಳಿ ನಮ್ಮನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಏಳನೆಯ ಕಲಮಿನಲ್ಲಿ, ವಧುವರರಲ್ಲಿ ಯಾವುದಾದರೂ ಒಂದು ಪಕ್ಷದ ರೂಢಿಯ ವಿಧಿಗಳಂತೆ ವಿವಾಹ ನಡೆಯಬಹುದೆಂದು ಹೇಳಿದೆ. ವಿಧಿಯನ್ನು ನಡೆಸುವವನು ಯಾರಿರಬೇಕೆಂದು ಅದು ಹೇಳುವುದಿಲ್ಲ. ಕೋಲಾರಕ್ಕೆ ನೆರೆಯಾದ ತಮಿಳುನಾಡು 1967ರಲ್ಲಿ ಈ ಕಾಯಿದೆಗೆ ತಿದ್ದುಪಡಿ ತಂದು, ಪುರೋಹಿತನಿಲ್ಲದೆ ಬಂಧುಮಿತ್ರರ ಮುಂದೆ ಪರಸ್ಪರ ಒಪ್ಪಿ ಹಾರ ಹಾಕುವ, ಉಂಗುರ ತೊಡಿಸುವ ಅಥವಾ ತಾಳಿ ಕಟ್ಟುವ ವಿವಾಹವನ್ನು ಮಾನ್ಯ ಮಾಡಿತು. ನಮ್ಮ ನಾಡಿನಲ್ಲಿಯೇ ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ನೆರವೇರಿಸಿ ದಾರಿ ತೋರಿಸಿದರು. ಹಾಗೆಂದು ವಿಧಿಯೇ ಬೇಡವೆಂದಲ್ಲ. ವಿಧಿಯೊಂದೂ ನಡೆಯದೆ ನೋಂದಣಿಯ ಪತ್ರವೊಂದರಿಂದಲೇ ಹಿಂದೂ ವಿವಾಹವಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ತಿಳಿಸಿದೆ. ವಿಧಿ ಬೇಕು, ಆದರೆ ಅದರ ಏಕಸ್ವಾಮ್ಯ ಯಾರಿಗೂ ಇಲ್ಲ ಎಂಬುದೇ ಇವೆಲ್ಲದರ ತಾತ್ಪರ್ಯ.

ಕಾನೂನಿಗಿಂತ ಹಿರಿದಾದ ಪ್ರಮಾಣ ನಮಗೆ ಕಲ್ಯಾಣದಲ್ಲಿದೆ. ಸಮಗಾರ ಹರಳಯ್ಯನ ಮಗನಿಗೂ, ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಆದ ವಿವಾಹದ ವೃತ್ತಾಂತವನ್ನು ಅರಿಯದ ಲಿಂಗವಂತನಿಲ್ಲ. ಕ್ರಿ.ಶ. 1167–68ರ ಸುಮಾರಿಗೆ ನಡೆದ ಆ ಘಟನೆಯಲ್ಲಿ ನಿಜವಾಗಿ ಎದ್ದದ್ದು ನಮ್ಮ ಇಂದಿನ ಪ್ರಶ್ನೆಯೇ. ಯಾರು ಯಾರನ್ನು ಮದುವೆಯಾಗಬಹುದೆಂದು ಹೇಳುವ ಅಧಿಕಾರ ತನ್ನದೆಂದು ಬಿಜ್ಜಳನ ಸಿಂಹಾಸನ ಹೇಳಿತು. ವರ್ಣಧರ್ಮದ ಪಕ್ಷಪಾತಿಗಳು ಶಾಸ್ತ್ರದ್ದೆಂದರು. ಶರಣರ ಉತ್ತರ ಬೇರೆ ತೆರನಾಗಿತ್ತು. ದೀಕ್ಷೆಯಾದ ಮೇಲೆ ಹರಳಯ್ಯ ಸಮಗಾರನಲ್ಲ, ಮಧುವರಸ ಬ್ರಾಹ್ಮಣನಲ್ಲ. ಇಬ್ಬರೂ ಲಿಂಗವನ್ನು ವರಿಸಿದವರು, ಇಬ್ಬರ ಮಕ್ಕಳೂ ಆ ಒಂದೇ ಮನೆಯವರು. ಶಾಶ್ವತವಾದ ವಿವಾಹ ಮೊದಲೇ ಆಗಿರುವುದರಿಂದ ಲೌಕಿಕ ವಿವಾಹಕ್ಕೆ ಅಡ್ಡಿಯಾಗಬಲ್ಲ ಮೇಲುಕೀಳುಗಳೇ ಉಳಿದಿಲ್ಲ. ಈ ಉತ್ತರಕ್ಕಾಗಿ ಆ ಇಬ್ಬರು ತಂದೆಯರು ಎಳೆಹೂಟೆಯ ಘೋರಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಅವರ ರಕ್ತದಿಂದ ತೊಯ್ದ ಉತ್ತರವನ್ನು ಮರೆತು, ತಾಳಿಗೆ ಯಾರ ಕೈ ಮೇಲೆಂದು ನಾವು ಮುಹೂರ್ತದ ಹೊತ್ತಿನಲ್ಲಿ ಜಗಳವಾಡುವುದು ಎಷ್ಟರಮಟ್ಟಿಗೆ ಯೋಗ್ಯ?

ಆದುದರಿಂದ ನಾವು ಹೀಗೆ ಹೇಳಬಹುದು: ಲೌಕಿಕ ವಿವಾಹವನ್ನು ಆಗಿಸುವವರು ಆ ಇಬ್ಬರು ವಧುವರರೇ, ಅವರ ಒಪ್ಪಿಗೆಯೇ. ಅಯ್ಯನವರು, ಸ್ವಾಮಿಗಳು, ಬಂಧುಬಾಂಧವರು ಎಲ್ಲರೂ ಸಾಕ್ಷಿಗಳು. ಸಾಕ್ಷಿಯ ಸ್ಥಾನವು ಸಣ್ಣದೆಂದು ತಿಳಿಯಬೇಡಿ. ವಧುವಿಗೆ 18, ವರನಿಗೆ 21 ವರ್ಷಗಳು ತುಂಬಿವೆಯೇ, ಇಬ್ಬರೂ ಮನಃಪೂರ್ವಕವಾಗಿ ಒಪ್ಪಿರುವರೇ, ವರದಕ್ಷಿಣೆಯ ವ್ಯವಹಾರ ಮರೆಯಲ್ಲಿ ನಡೆದಿದೆಯೇ ಎಂದು ಕೇಳಬೇಕಾದವರು ಅವರೇ. ನಾಳೆ ಆ ಹೆಣ್ಣುಮಗಳಿಗೆ ಅನ್ಯಾಯವಾದರೆ 'ನಾವು ಕಂಡಿದ್ದೇವೆ' ಎಂದು ನಿಲ್ಲಬೇಕಾದವರೂ ಅವರೇ. ಈ ಕರ್ತವ್ಯಗಳನ್ನು ಬಿಟ್ಟು ಅಧಿಕಾರವನ್ನು ಮಾತ್ರ ಕೇಳುವವರು ಸಾಕ್ಷಿಯ ಧರ್ಮವನ್ನೇ ಕಳೆದುಕೊಳ್ಳುತ್ತಾರೆ.

ಎರಡು ಆಕ್ಷೇಪಣೆಗಳು

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಅಧಿಕಾರ ಯಾರದೂ ಅಲ್ಲವೆಂದರೆ ಧರ್ಮದಲ್ಲಿ ಕಟ್ಟುಪಾಡು ಉಳಿಯುವುದು ಹೇಗೆ ಎಂಬುದು ಮೊದಲನೆಯದು. ಕಟ್ಟುಪಾಡು ಅಗತ್ಯವೇ. ಮಠಗಳು ಇಲ್ಲದಿದ್ದರೆ ಎಷ್ಟೋ ಬಡ ಕುಟುಂಬಗಳು ಮದುವೆಯ ಸಾಲದಲ್ಲಿ ಮುಳುಗುತ್ತಿದ್ದವು. ಸುತ್ತೂರಿನ ಜಾತ್ರೆಯಲ್ಲಿ ನಡೆಯುವ ಸಾಮೂಹಿಕ ವಿವಾಹಗಳನ್ನು, ಧರ್ಮಸ್ಥಳದಲ್ಲಿ 1972ರಲ್ಲಿ ಆರಂಭವಾದ ಅಂಥದೇ ಕಾರ್ಯವನ್ನು ನೀವು ಬಲ್ಲಿರಿ. ಅಲ್ಲೆಲ್ಲ ಧರ್ಮಸಂಸ್ಥೆಯು ದಾರಿಯನ್ನು ಸುಗಮಗೊಳಿಸುವ ಕೆಲಸ ಮಾಡಿದೆ. ಕಟ್ಟುಪಾಡೆಂದರೆ ಇಂಥ ಆಸರೆಯೇ ಆಗಬೇಕು.

ಎರಡನೆಯ ಆಕ್ಷೇಪಣೆ ಹೃದಯದಿಂದ ಬರುವಂಥದು. ಐವತ್ತು ವರ್ಷ ಒಟ್ಟಿಗೆ ಬಾಳಿದ ದಂಪತಿಗಳಲ್ಲಿ ಒಬ್ಬರು ಹೋದಾಗ, ಉಳಿದವರಿಗೆ 'ನಿಮ್ಮ ಸಂಬಂಧ ಮುಗಿಯಿತು' ಎಂದು ಹೇಳುವುದು ಕ್ರೌರ್ಯವಲ್ಲವೇ? ನೌವೂವಿನ ಆ ಚಳಿಗಾಲದಲ್ಲಿ ಹಗಲಿರುಳು ಸಾಲುನಿಂತ ಜನರ ಆತುರಕ್ಕೂ ಮೂಲ ಈ ಪ್ರೀತಿಯೇ. ಇದಕ್ಕೆ ಉತ್ತರ ಹೇಳಲು ನಮಗೆ ಶಾಸ್ತ್ರವಾಕ್ಯಕ್ಕಿಂತ ನೀಲಾಂಬಿಕೆಯ ಬಾಳು ಹೆಚ್ಚು ಸಹಾಯಕವಾದೀತು. ಕಲ್ಯಾಣದ ಕ್ರಾಂತಿಯ ನಂತರ ಕೂಡಲಸಂಗಮಕ್ಕೆ ಹೋದ ಬಸವಣ್ಣನವರು ಆಕೆಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಆಕೆಯೂ ಹೊರಟು ತಂಗಡಗಿಯವರೆಗೆ ಬಂದರು. ಅಷ್ಟರಲ್ಲಿ ಬಸವಣ್ಣನವರು ಲಿಂಗೈಕ್ಯರಾದ ವಾರ್ತೆ ತಿಳಿಯಿತು. ಆಕೆ ಪತಿಯ ದೇಹವನ್ನು ಅರಸಿಕೊಂಡು ಸಂಗಮಕ್ಕೆ ಓಡಲಿಲ್ಲ. ಅಲ್ಲಿರುವ ಸಂಗಮನಾಥನು ತಾನಿರುವಲ್ಲಿ ಇಲ್ಲವೇ ಎಂಬ ದೃಢವಾದ ಅರಿವಿನಿಂದ ತಂಗಡಗಿಯಲ್ಲಿಯೇ, ತಮ್ಮ ಅಂಗೈಯ ಲಿಂಗದಲ್ಲಿಯೇ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಆ ನೆಲದಲ್ಲಿ ಇಂದಿಗೂ ಆಕೆಯ ಐಕ್ಯಸ್ಥಾನವಿದೆ.

ಇದನ್ನು ಪ್ರೀತಿಯ ಕೊರತೆಯೆಂದು ಯಾರು ಹೇಳಿಯಾರು? ಮಹಾಮಹಿಮನಾದ ಬಸವಣ್ಣನ ಪತ್ನಿಯಾಗಿದ್ದೂ, ಪರವನ್ನು ಸೇರಲು ಗಂಡನ ಕೈ ಹಿಡಿಯಬೇಕಾದ ಅಗತ್ಯ ಆಕೆಗಿರಲಿಲ್ಲ. ಇಬ್ಬರೂ ಬೇರೆ ಬೇರೆ ನೆಲದಿಂದ ಒಂದೇ ಲಿಂಗವನ್ನು ಸೇರಿದರು. ಪ್ರೀತಿಸಿದವರನ್ನು ಮತ್ತೆ ಕಾಣುವ ಆಸೆಗೆ ನಮ್ಮ ಧರ್ಮವು ಕೊಡುವ ಸಮಾಧಾನ ಇದೇ. ಎರಡು ನದಿಗಳು ಬೇರೆ ಬೇರೆ ದಾರಿಯಲ್ಲಿ ಹರಿದರೂ ಸಮುದ್ರದಲ್ಲಿ ಅವುಗಳಿಗೆ ಅಗಲಿಕೆಯಿಲ್ಲ. ಅಲ್ಲಿಗೆ ಹೋಗಲು ರಹದಾರಿಯನ್ನು ಬರೆದುಕೊಡುವ ಅಧಿಕಾರಿ ಬೇಕಿಲ್ಲ.

ಬಾಗಿಲ ಮರೆಯ ತಾಯಿ

ಈಗ ವಕ್ಕಲೇರಿಯ ಕಡೆಯ ಆ ಚಪ್ಪರಕ್ಕೆ ಹಿಂದಿರುಗೋಣ. ಗಂಡನು ಲಿಂಗೈಕ್ಯನಾದಾಗ ಹೆಂಡತಿಯ ಕೊರಳಿನಿಂದ ತಾಳಿಯನ್ನು ತೆಗೆಯುತ್ತಾರೆ. ಆದರೆ ಅವಳ ಇಷ್ಟಲಿಂಗವನ್ನು ತೆಗೆದವರುಂಟೇ? ತೆಗೆಯುವ ಅಧಿಕಾರ ಜಗದ್ಗುರುಗಳಿಗೂ ಇಲ್ಲ. ಅಂದಮೇಲೆ ಅವಳು ಯಾವ ಅರ್ಥದಲ್ಲಿ ಪತಿಯಿಲ್ಲದವಳು? ಶಾಶ್ವತನಾದ ಪತಿ ಅವಳ ಎದೆಯ ಮೇಲೆಯೇ ಇರುವಾಗ, ಅವಳನ್ನು ಅಮಂಗಳೆಯೆನ್ನುವುದು ಲಿಂಗನಿಂದೆಯಲ್ಲವೇ?

ಪರರ ಪಂಥದಲ್ಲಿ ವಿಧವೆಯರನ್ನು ಮೃತಪತಿಗೇ ಅನಂತವಾಗಿ ಕಟ್ಟಿದರೆಂದು ಓದುವಾಗ ನಿಮಗೆ ಅಚ್ಚರಿಯಾಗಿರಬಹುದು. ನಮ್ಮ ಅಂಗಳವನ್ನೂ ಒಮ್ಮೆ ನೋಡಿ. ಉಡಿಕೆ, ಕೂಡಿಕೆ ಎಂಬ ಹೆಸರುಗಳಲ್ಲಿ ವಿಧವೆಯರ ಮರುವಿವಾಹ ನಮ್ಮ ನಾಡಿನ ಅನೇಕ ಸಮುದಾಯಗಳಲ್ಲಿ, ಲಿಂಗವಂತರಲ್ಲಿಯೂ, ಬಹುಕಾಲದಿಂದ ಇತ್ತು. ದೇಶದಲ್ಲಿ ವಿಧವಾವಿವಾಹದ ಕಾಯಿದೆ ಬಂದದ್ದು 1856ರಲ್ಲಿ. ಆದರೆ ಉಡಿಕೆಯಾದವಳನ್ನು ಮಂಗಳಕಾರ್ಯಗಳಲ್ಲಿ ಮುಂದೆ ಬರಗೊಡದೆ, ಅವಳ ಮದುವೆಯನ್ನು ಎರಡನೆಯ ದರ್ಜೆಯದೆಂದು ಎಣಿಸಿದವರೂ ನಾವೇ. ಮಾತಿನಲ್ಲಿ ಮದುವೆ ಇಹದ್ದೆಂದು ಒಪ್ಪಿ, ನಡತೆಯಲ್ಲಿ ಮೊದಲ ಗಂಡನ ಮುದ್ರೆ ಅಳಿಸದೆಂದು ತಿಳಿದದ್ದರ ಫಲವಿದು. ಕೋಣೆಯ ಬಾಗಿಲಲ್ಲಿ ಆ ತಾಯಿಯನ್ನು ನಿಲ್ಲಿಸಿದ್ದೂ ಅದೇ ತಿಳಿವಳಿಕೆಯೇ. ಯಾವ ಗ್ರಂಥದಲ್ಲಿಯೂ ಬರೆಯದ, ಯಾವ ಗುರುವೂ ಕೊಡದ ಬೀಗದ ಕೈಯೊಂದನ್ನು ಊರಿನ ರೂಢಿಯೇ ತನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡಿತ್ತು.

ವಕ್ಕಲೇರಿಯ ಹೆಸರನ್ನು ಇತಿಹಾಸಜ್ಞರು ಬಲ್ಲದ್ದು ಅಲ್ಲಿ ದೊರೆತ ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯ ವಂಶದ ಎರಡನೆಯ ಕೀರ್ತಿವರ್ಮನದು ಅದು, ಶಕವರ್ಷ 679ರದು, ಎಂದರೆ ಕ್ರಿ.ಶ. 757ರದು. ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ದಾನಗಳನ್ನು ಬರೆಯಿಸುವುದು ಅರಸರ ವಾಡಿಕೆ. ಆದರೆ ಆ ವಂಶಕ್ಕೆ ಕೀರ್ತಿವರ್ಮನೇ ಕೊನೆಯ ದೊರೆಯಾದನು, ರಾಜ್ಯವು ರಾಷ್ಟ್ರಕೂಟರ ಕೈಸೇರಿತು. ತಾಮ್ರದ ಮೇಲೆ ಬರೆಸಿದ ಅರಸನ ಅಧಿಕಾರಕ್ಕೇ ಶಾಶ್ವತತೆ ಇಲ್ಲದಿರುವಾಗ, ಅರಿಸಿನದ ದಾರದ ಮೇಲೆ ಶಾಶ್ವತದ ಮುದ್ರೆಯೊತ್ತುವ ಅಧಿಕಾರ ನಮ್ಮಲ್ಲಿ ಯಾರಿಗಿದೆ?

ಅರಿಸಿನದ ದಾರ ಪವಿತ್ರವಾದುದೇ. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡ ಮಾರಯ್ಯನನ್ನು ತಿದ್ದಿ, ಹೆಚ್ಚಿನದನ್ನು ಅಲ್ಲಿಯೇ ಸುರಿದುಬರುವಂತೆ ಮಾಡಿದ ಮನೆಯಲ್ಲಿ ಅದು ಎಷ್ಟು ಪವಿತ್ರವಾಗಿತ್ತು! ಅದರ ಪಾವಿತ್ರ್ಯವು ಕಟ್ಟಿಸಿದವರಿಂದ ಬಂದದ್ದಲ್ಲ, ಒಬ್ಬರನ್ನೊಬ್ಬರು ತಿದ್ದಿಕೊಂಡು ಲಿಂಗದ ಕಡೆಗೆ ನಡೆದ ಅವರ ನಿತ್ಯದ ಬಾಳಿನಿಂದ ಬಂದದ್ದು.

ವಾಚಕರೇ, ನಿಮ್ಮ ಮನೆಯ ಮುಂದಿನ ವಿವಾಹದಲ್ಲಿ ಕಳಶವಿರಲಿ, ವಚನವಿರಲಿ, ಅಯ್ಯನವರು ಬರಲಿ, ಸ್ವಾಮಿಗಳು ದಯಮಾಡಿಸಲಿ, ಅವನ್ನೆಲ್ಲ ಎರಡು ಮನೆಯವರು ಮೊದಲೇ ಕುಳಿತು ಸಮಾಧಾನದಿಂದ ನಿಶ್ಚಯಿಸಿಕೊಳ್ಳಿ. ಆದರೆ ಮುಹೂರ್ತದ ಹೊತ್ತಿಗೆ ಅಡಿಗೆಯ ಕೋಣೆಯ ಬಾಗಿಲ ಕಡೆಗೊಮ್ಮೆ ತಿರುಗಿ ನೋಡಿ. ಅಲ್ಲಿ ಯಾವ ತಾಯಿಯಾದರೂ, ಅಕ್ಕನಾದರೂ, ಸೋದರತ್ತೆಯಾದರೂ ಕರಡಿಗೆಯನ್ನು ಹಿಡಿದು ಮರೆಯಲ್ಲಿ ನಿಂತಿದ್ದರೆ, ನೀವೇ ಎದ್ದು ಹೋಗಿ 'ಅಮ್ಮ, ಬನ್ನಿ' ಎಂದು ಕರೆತನ್ನಿ. ಮೊದಲ ಅಕ್ಷತೆ ಅವರ ಕೈಯಿಂದಲೇ ಬೀಳಲಿ. ಲಿಂಗವನ್ನು ಧರಿಸಿದ ಕೈಗಿಂತ ಹೆಚ್ಚಿನ ಅಧಿಕಾರವುಳ್ಳ ಕೈ ಆ ಚಪ್ಪರದಲ್ಲಿ ಇನ್ನೊಂದಿರಲಾರದು.